ತೋಟದ ರೇಡಿಯೋಕ್ಕೆ ಹೊಸ ಶೆಲ್ಲು

ಹಿಟ್ನಾಳ,
ನವೆಂಬರ್ ೧೭, ೨೦೨೪, ರವಿವಾರ

ಪ್ರೀತಿಯ ಅವ್ವಾ,

ಶರಣು. ನಿನ್ನ ಮೊಣಕಾಲು ಹೇಗಿದೆ? ಗಂಗಾವತಿಯ ಮನೆಯಲ್ಲಿ ಮೆಟ್ಟಿಲು ಬಹಳ ಕಡಿದಾಗಿವೆ ಎಂದು ಭವಾನಿ ಹೇಳಿದ್ದಳು. ಅರಿವೆ ಒಣಹಾಕುವ ನೆಪದಲ್ಲಿ ಸುಮ್ಮನೆ ಹತ್ತಿಳಿಯಬೇಡ, ನಿನ್ನ ಅಳಿಯನಿಗೆ ಹೇಳಿದರೆ ಅವರು ಮಾಡುತ್ತಾರೆ. ಭವಾನಿ ಹೊಟ್ಟೆತುಂಬ ಉಣ್ಣುತ್ತಾಳೆಯೇ? ಮೊದಲ ಬಾಣಂತನದಲ್ಲಿ ಖಾರ ಬೇಕು ಎಂದು ಹಟ ಹಿಡಿದವಳು, ಈ ಸಲವಾದರೂ ನಿನ್ನ ಮಾತು ಕೇಳುತ್ತಿದ್ದಾಳೆ ಎಂದುಕೊಳ್ಳುತ್ತೇನೆ. ಕೂಸಿನ ಫೋಟೋ ನೋಡಿದೆವು. ಅದರ ಮೂಗು ನಮ್ಮ ಮನೆಯದಲ್ಲ, ಬೀಗರ ಮನೆಯದು ಎಂದು ಕಳಕಮ್ಮತ್ತಿ ತೀರ್ಪು ಕೊಟ್ಟಿದ್ದಾಳೆ. ನೀನು ಬರುವವರೆಗೆ ಅಡುಗೆಗೆಂದು ಬಂದವಳು ಅಡುಗೆಯ ಜೊತೆ ನಮ್ಮಿಬ್ಬರ ನ್ಯಾಯವನ್ನೂ ಅವಳೇ ಮಾಡುತ್ತಿದ್ದಾಳೆ. ತನ್ನ ತಮ್ಮನಿಗೆ, ಅಂದರೆ ಅಪ್ಪನಿಗೆ, ದಿನಾ ಒಂದು ಬೈಗುಳ ಮೀಸಲು. ರೊಟ್ಟಿ ಮಾತ್ರ ನಿನ್ನದಕ್ಕಿಂತ ದಪ್ಪ. ಇದನ್ನು ಅವಳಿಗೆ ಹೇಳಬೇಡ.

ಇಷ್ಟು ಕೇಳಲು ಫೋನು ಸಾಕಿತ್ತಲ್ಲ ಎಂದು ನೀನು ಅನ್ನಬಹುದು. ಫೋನಿನಲ್ಲಿ ಹೇಳಲು ಎರಡು ಸಲ ಪ್ರಯತ್ನಪಟ್ಟೆ, ಆಗಲಿಲ್ಲ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಕೂಸಿನ ಪಕ್ಕ ಇಡುತ್ತೀ. ಇಲ್ಲದಿದ್ದರೂ ನಿನ್ನ ಮುಖ ನೋಡಿಯೇ ಭವಾನಿ ಅರ್ಧ ತಿಳಿದುಕೊಳ್ಳುತ್ತಾಳೆ. ಹಸಿ ಬಾಣಂತಿ ಗಾಬರಿಯಾಗಬಾರದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪಕ್ಕದ ಹೊಲದ ಪಕೀರಪ್ಪ ನಾಳೆ ಬೆಳಿಗ್ಗೆ ತನ್ನ ಗಾಡಿ ತೆಗೆದುಕೊಂಡು ಗಂಗಾವತಿಯ ಮಿಲ್ಲಿಗೆ ತೌಡು ತರಲು ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಎಲ್ಲರೆದುರು ಒಡೆಯಬೇಡ, ಒಬ್ಬಳೇ ಇದ್ದಾಗ ಓದು. ಮೊದಲೇ ಹೇಳಿಬಿಡುತ್ತೇನೆ: ಎಲ್ಲರೂ ಕ್ಷೇಮ, ಅಪ್ಪನ ಮೈಮೇಲೆ ಒಂದು ಗೀರೂ ಬಿದ್ದಿಲ್ಲ. ಆದರೆ ಬೀಳುವುದು ತಪ್ಪಿದ್ದು ಹೇಗೆ ಎಂಬುದನ್ನು ಕ್ರಮವಾಗಿ ಬರೆಯಬೇಕು. ನಿನಗೆ ಗೊತ್ತಿರುವ ಸಂಗತಿಗಳೂ ನಡುವೆ ಬರುತ್ತವೆ, ಬೇಸರಪಡಬೇಡ. ಒಂದು ಕೊಂಡಿ ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ.

ಗುಡ್ಡದಿಂದ ಕರಡಿ ಇಳಿಯುವುದು ನಮಗೆ ಹೊಸದಲ್ಲ. ಆದರೆ ಈ ವರ್ಷ ಗುಡ್ಡದ ಮೇಲೆ ಸೀತಾಫಲ ಸರಿಯಾಗಿ ಹಿಡಿಯಲಿಲ್ಲ, ನಮ್ಮ ಪೇರಲ ಮಾತ್ರ ಟೊಂಗೆ ಬಾಗುವಷ್ಟು ಬಿಟ್ಟಿದೆ. ಹಣ್ಣಿನ ವಾಸನೆ ಸಂಜೆಯ ಹೊತ್ತು ಡಾಂಬರು ರಸ್ತೆಯವರೆಗೂ ಬರುತ್ತದೆ. ಮನುಷ್ಯನ ಮೂಗಿಗೇ ಹೀಗಿದ್ದರೆ ಕರಡಿಯ ಮೂಗಿಗೆ ಹೇಗಿರಬೇಕು. ದೀಪಾವಳಿ ಮುಗಿದ ಮೇಲೆ ಹಳ್ಳದ ಮರಳಿನಲ್ಲಿ ಹೆಜ್ಜೆ ಕಂಡವು. ಮನುಷ್ಯನ ಬರಿಗಾಲಿನ ಹಾಗೆಯೇ ಇರುತ್ತವೆ, ಮುಂದೆ ಉಗುರಿನ ಗೆರೆಗಳು ಬೇರೆ. ಪಕ್ಕದಲ್ಲಿ ಇನ್ನೊಂದು ಸಾಲು, ಅಷ್ಟು ದೊಡ್ಡದಲ್ಲ. ಬೆಳೆದ ಮರಿಯನ್ನು ಜೊತೆಗೆ ಕರೆದುಕೊಂಡು ಬರುತ್ತಿದೆ. ಅರಣ್ಯ ಇಲಾಖೆಯವರು ಬಂದು ನೋಡಿ, ಕತ್ತಲಲ್ಲಿ ಒಬ್ಬೊಬ್ಬರೇ ಓಡಾಡಬೇಡಿ ಎಂದು ಹೇಳಿ ಹೋದರು. ಅದೇ ವಾರ ಪೇಪರಿನಲ್ಲಿ ಒಂದು ಸುದ್ದಿ ಬಂತು, ಒಳಪುಟದ ಮೂಲೆಯಲ್ಲಿ ಐದಾರು ಸಾಲು: ಗುಡ್ಡದ ಆ ಬದಿಯ ಊರಲ್ಲಿ ಮೇವು ಕೊಯ್ಯಲು ಹೋದವನ ಮುಖವನ್ನು ಕರಡಿ ಹರಿದಿದೆ, ಒಂದು ಕಣ್ಣು ಹೋಗಿದೆ. ನಾನು ಆ ತುಂಡನ್ನು ಕತ್ತರಿಸಿ ಅಪ್ಪನ ತಾಟಿನ ಪಕ್ಕ ಇಟ್ಟೆ. ಅಪ್ಪ ಎರಡು ಸಲ ಓದಿದ. ಆಮೇಲೆ ಕೇಳಿದ್ದು ಇಷ್ಟೇ: "ಅವರ ತ್ವಾಟದಾಗ ರೇಡಿಯೋ ಇರಲಿಲ್ಲೇನು?"

ರೇಡಿಯೋದ ಮೇಲೆ ಅಪ್ಪನಿಗೆ ಇರುವ ನಂಬಿಕೆ ನಿನಗೆ ಗೊತ್ತು. ಹಳ್ಳದ ಕಡೆಯ ಗುಡಿಸಲಿನಲ್ಲಿ ಅದು ಹಗಲೂ ರಾತ್ರಿ ಮಾತಾಡುತ್ತಿರಬೇಕು. ಜನ ಇದ್ದಾರೆ ಎಂದು ತಿಳಿದು ಹಂದಿ, ಕರಡಿ ದೂರ ಇರುತ್ತವೆ. ಹಾಡಿಗೆ ಅವು ರೂಢಿಯಾಗಿಬಿಡುತ್ತವೆ, ಮಾತಿಗೆ ಆಗುವುದಿಲ್ಲ ಎಂಬುದು ಅವನ ವಾದ. ಅದಕ್ಕೇ ಸಣ್ಣ ಪ್ಲಾಸ್ಟಿಕ್ ಸೆಟ್ಟು ಬೇಡ, ಧಾರವಾಡ ಸ್ಟೇಷನ್ ಹಿಡಿಯುವ ಹಳೆಯ ಮರದ ಸೆಟ್ಟೇ ಬೇಕು. ಸ್ಟೇಷನ್ ಮುಚ್ಚಿದ ಮೇಲೆ ಬರುವ ಗರಗರ ಸದ್ದಿಗೂ ಹಂದಿ ಹೆದರುತ್ತದಂತೆ. ವಾದ ಎಷ್ಟು ನಿಜವೋ ನಾನು ಹೇಳಲಾರೆ, ಆದರೆ ನಮ್ಮ ಮನೆಯ ಒಂದು ನಿಯಮವಂತೂ ಅದರಿಂದಲೇ ಹುಟ್ಟಿದ್ದು: ತೋಟಕ್ಕೆ ಹೋಗುವವರು ಬದುವಿನ ಮೇಲೆ ನಿಂತು ಕಿವಿಗೊಡಬೇಕು. ರೇಡಿಯೋ ಕೇಳಿದರೆ ಒಳಗೆ ಹೋಗಬೇಕು. ಕೇಳದಿದ್ದರೆ ಅಲ್ಲಿಂದಲೇ ಕೂಗಿ, ಡಬ್ಬಿ ಬಡಿದು, ಪಕೀರಪ್ಪನನ್ನೋ ಯಾರನ್ನೋ ಜೊತೆಗೆ ಕರೆದುಕೊಂಡೇ ಬದು ದಾಟಬೇಕು. ಕರಡಿ ತಾನಾಗಿ ಅಟ್ಟಿಸಿಕೊಂಡು ಬರುವುದು ಕಡಿಮೆ. ಹತ್ತಿರದಲ್ಲಿ ಒಮ್ಮೆಗೇ ಎದುರಾದರೆ ಮಾತ್ರ ಎದ್ದು ನಿಂತು ಮುಖಕ್ಕೆ ಕೈ ಹಾಕುತ್ತದೆ. ಹಾಗಾಗಿ ಆ ನಿಯಮ ಸಣ್ಣದಲ್ಲ. ನಾನೂ ಭವಾನಿಯೂ ಸಾಲಿಗೆ ಹೋಗುವ ಮೊದಲೇ ಕಲಿತದ್ದು ಅದನ್ನೇ.

ಆ ಸೆಟ್ಟಿಗೆ ಬೇಕಾದ ಇಟ್ಟಿಗೆಯಂಥ ಒಂಬತ್ತು ವೋಲ್ಟಿನ ಬ್ಯಾಟರಿ ಬಜಾರಿನಲ್ಲಿ ಬರುವುದು ಯಾವಾಗಲೋ ನಿಂತುಹೋಯಿತು. ಆಮೇಲೆ ಅಪ್ಪ ಟಾರ್ಚಿನ ದೊಡ್ಡ ಶೆಲ್ಲು ಆರನ್ನು ಸೈಕಲ್ ಟ್ಯೂಬಿನಿಂದ ಬಿಗಿದು ನಡೆಸಿದ. ನೀನು ಗಂಗಾವತಿಗೆ ಹೋಗುವಾಗ ಅವೇ ಇದ್ದವು. ನೀನು ಹೋದ ಮೇಲೆ ಅವು ಸೋರಿ ಹಿತ್ತಾಳೆ ಪಟ್ಟಿಯೆಲ್ಲ ಹಸಿರಾಯಿತು, ಹೊಸವು ಹಿಟ್ನಾಳದ ಅಂಗಡಿಗಳಲ್ಲಿ ಸಿಗಲಿಲ್ಲ. ಸೋಲಾರ್ ಹಾಕೋಣ ಎಂದರೆ ಹೋದ ವರ್ಷ ಪಕೀರಪ್ಪನ ಸೋಲಾರ್ ಪ್ಲೇಟು ಕಳುವಾದದ್ದು ನಿನಗೆ ನೆನಪಿರಬೇಕು. ಕೊನೆಗೆ ನಾನೇ ಕೊಪ್ಪಳದ ನಮ್ಮ ಇನ್ವರ್ಟರ್ ಅಂಗಡಿಯಿಂದ ಲಿಥಿಯಂ ಶೆಲ್ಲು ತಂದು, ಟಿಫಿನ್ ಡಬ್ಬಿಯಷ್ಟು ದೊಡ್ಡ ಎರಡು ಪೆಟ್ಟಿಗೆ ಮಾಡಿದೆ. ಒಂದು ತೋಟದಲ್ಲಿ ಇರುವಾಗ ಇನ್ನೊಂದು ಅಂಗಡಿಯಲ್ಲಿ ಚಾರ್ಜ್ ಆಗುತ್ತದೆ, ಒಂದು ದಿನ ಬಿಟ್ಟು ಒಂದು ದಿನ ಬದಲಿಸುತ್ತೇವೆ. ತುಂಬಿದಾಗ ಎಂಟೂವರೆ ವೋಲ್ಟಿನ ಹತ್ತಿರ ಬರುತ್ತದೆ, ಹಳೆಯ ಸೆಟ್ಟು ಅದರಲ್ಲಿ ಚೆನ್ನಾಗಿ ಹಾಡುತ್ತದೆ.

ಈ ಶೆಲ್ಲುಗಳಿಗೆ ಒಂದು ಸ್ವಭಾವ ಇದೆ. ಆಕಳನ್ನು ಹಿಂಡುವಾಗ ಕರುವಿಗೆಂದು ನೀನು ಕೆಚ್ಚಲಲ್ಲಿ ಒಂದಿಷ್ಟು ಬಿಡುತ್ತೀಯಲ್ಲ, ಹಾಗೆ ಇವುಗಳಲ್ಲೂ ಸ್ವಲ್ಪ ಬಿಡಲೇಬೇಕು. ಪೂರ್ತಿ ಬರಿದು ಮಾಡಿದರೆ ಒಳಗೆ ಕೆಡುತ್ತವೆ; ಕೆಟ್ಟದ್ದನ್ನು ಮತ್ತೆ ಚಾರ್ಜಿಗೆ ಹಾಕಿದರೆ ಕಾಯುತ್ತವೆ, ಬೆಂಕಿ ಹತ್ತಿದ ಉದಾಹರಣೆಗಳೂ ಇವೆ. ಅದನ್ನು ತಡೆಯಲು ಪೆಟ್ಟಿಗೆಯೊಳಗೆ ಒಂದು ಸಣ್ಣ ಬೋರ್ಡು ಇಟ್ಟಿದ್ದೇನೆ. ಆರು ವೋಲ್ಟಿಗೆ ಇಳಿದ ಕೂಡಲೇ ಅದು ರೇಡಿಯೋಕ್ಕೆ ಹೋಗುವ ಕರೆಂಟನ್ನು ಕಡಿದುಹಾಕುತ್ತದೆ. ಶೆಲ್ಲು ಉಳಿಯುತ್ತದೆ. ಆದರೆ ಇಲ್ಲಿ ಹಳೆಯದಕ್ಕೂ ಹೊಸದಕ್ಕೂ ಒಂದು ವ್ಯತ್ಯಾಸ ಇದೆ, ಅದನ್ನು ನಾನು ಮೊದಲ ದಿನವೇ ಅಪ್ಪನಿಗೆ ಹೇಳಿದ್ದೆ. ಹಳೆಯ ಶೆಲ್ಲು ಸಾಯುವಾಗ ದನಿ ನಾಲ್ಕು ದಿನ ಮೊದಲೇ ಸಣ್ಣಗಾಗುತ್ತ ಬರುತ್ತಿತ್ತು, ಎಚ್ಚರಿಕೆ ಸಿಗುತ್ತಿತ್ತು. ಹೊಸದರಲ್ಲಿ ಹಾಗಿಲ್ಲ. ವಾರ್ತೆ ಓದುವವನ ಮಾತು ನಡುವೆಯೇ ತುಂಡಾಗುತ್ತದೆ. ಅಪ್ಪ ನನ್ನ ಮುಖವನ್ನೇ ನೋಡುತ್ತ ಎಲ್ಲ ಕೇಳಿ, "ಹ್ಞೂ, ಛಲೋ ಆತು" ಅಂದ.

ಮೊದಲ ಕೆಲವು ದಿನ ಎಲ್ಲ ಸರಿ ನಡೆಯಿತು. ಆಮೇಲೆ ಪೆಟ್ಟಿಗೆ ಬೇಗ ಬೇಗ ಖಾಲಿಯಾಗತೊಡಗಿತು. ಕಾರಣ ಹುಡುಕುತ್ತ ಒಂದು ಬೆಳಿಗ್ಗೆ ತೋಟಕ್ಕೆ ಹೋದರೆ ಸೆಟ್ಟಿನ ದನಿಯ ತಿರುಪು ಕೊನೆಯವರೆಗೂ ತಿರುಗಿತ್ತು, ಸ್ಪೀಕರ್ ಹರಿಯುವ ಹಾಗೆ ಕೃಷಿರಂಗ ನಡೆದಿತ್ತು. ಪಕೀರಪ್ಪ ಬದುವಿನಾಚೆಯಿಂದ, "ಕಾಕಾ, ನಿಮ್ಮ ರೇಡಿಯೋ ಕೇಳಿ ಕೇಳಿ ನಮ್ಮ ಎಮ್ಮಿಗೂ ಗೊಬ್ಬರದ ಲೆಕ್ಕ ಬರಾಕತ್ತೇತಿ, ಒಂಚೂರು ಸಣ್ಣಗ ಮಾಡ್ರಿ" ಎಂದು ನಗಾಡಿದ. ಅಪ್ಪ ಅವನಿಗೆ ಕೈ ಎತ್ತಿ, "ಹ್ಞೂ ಹ್ಞೂ, ನಾಳಿ ಬಾ" ಅಂದ. ಪಕೀರಪ್ಪನಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ನಾನು ದನಿಯನ್ನು ಅರ್ಧಕ್ಕೆ ಇಳಿಸಿ ಬಂದೆ. ಮಾರನೆಯ ದಿನ ಮತ್ತೆ ಪೂರ್ತಿ ಏರಿತ್ತು. ಕರಡಿಯ ಹೆದರಿಕೆಗೆ ಏರಿಸುತ್ತಿದ್ದಾನೆ ಎಂದು ಸುಮ್ಮನಾದೆ.

ಈ ಗುರುವಾರ ಅಂಗಡಿಯಲ್ಲಿ ಒಂದು ಪೆಟ್ಟಿಗೆಯನ್ನು ಚಾರ್ಜಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಪಿನ್ನು ಕಿತ್ತು, ಹೊರಗೆ ಒಯ್ದು, ಮರಳಿನ ಬಕೀಟಿನಲ್ಲಿ ಹೂತೆ. ಅಂಗಡಿಯ ಸಾಹುಕಾರರು, "ಬಸವಕುಮಾರ, ಮನಿ ರೇಡಿಯೋಕ್ಕ ನನ್ನ ಅಂಗಡಿ ಸುಡ್ತಿಯೇನೋ" ಎಂದು ಬೈದರು, ಅದರಲ್ಲಿ ತಪ್ಪಿಲ್ಲ. ನನಗೆ ಅದಕ್ಕಿಂತ ಬೇರೆಯದೇ ಹೆದರಿಕೆ. ಅದೇ ಪೆಟ್ಟಿಗೆಯನ್ನು ಹಿಂದಿನ ರಾತ್ರಿ ನಾನು ಮನೆಯಲ್ಲಿ, ಅಪ್ಪನ ಹೊರಸಿನ ಕೆಳಗೆ ಇಟ್ಟಿದ್ದೆ. ತಣಿದ ಮೇಲೆ ಮೀಟರ್ ಹಿಡಿದರೆ ಆರಕ್ಕಿಂತ ಎಷ್ಟೋ ಕೆಳಗೆ ಇಳಿದುಹೋಗಿತ್ತು. ಬೋರ್ಡು ಇದ್ದ ಮೇಲೆ ಅದು ಇಳಿಯುವಂತೆಯೇ ಇಲ್ಲ. ಪೆಟ್ಟಿಗೆ ಬಿಚ್ಚಿ ನೋಡಿದೆ. ಮುಚ್ಚಳಕ್ಕೆ ಯಾರೋ ಒಂದು ಸಣ್ಣ ಕೆಂಪು ದೀಪ ಕೂಡಿಸಿದ್ದರು, ಆರಿದ್ದರಿಂದ ಅದುವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ; ಅದರ ತಂತಿ ಬೋರ್ಡಿಗೆ ಹೋಗದೆ ನೇರವಾಗಿ ಶೆಲ್ಲಿಗೆ ಹೋಗಿತ್ತು. ಬೋರ್ಡು ರೇಡಿಯೋವನ್ನು ಕಡಿದ ಮೇಲೂ ಆ ದೀಪ ಉರಿಯುತ್ತಲೇ ಇದ್ದು ಉಳಿದದ್ದನ್ನೆಲ್ಲ ಕುಡಿದುಬಿಟ್ಟಿದೆ. ಬೆಸುಗೆ ನನ್ನದಲ್ಲ. ಆ ಬೆಸುಗೆಯ ಕೈ ನನಗೆ ಗೊತ್ತು, ಬಜಾರಿನ ರೇಡಿಯೋ ರಿಪೇರಿಯ ಮೆಹಬೂಬಸಾಬರದು.

ಓಡಿಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು, "ನಾ ಸುಮ್ಮನ ಹಾಕಿಲ್ಲ ತಮ್ಮಾ. ನಿಮ್ಮ ತಂದೆಯವರೇ ಬಸ್ಸಿಗೆ ಬಂದು ಕುಂತಿದ್ರು. ಬ್ಯಾಟರಿಯಾಗ ಜೀವ ಐತೋ ಇಲ್ಲೋ ದೂರದಿಂದ ಕಾಣಬೇಕು, ಅಂಥಾದ್ದೊಂದು ದೀಪ ಹಾಕಿಕೊಡು ಅಂದ್ರು. ಜೀವ ತೋರಿಸಬೇಕಂದ್ರ ನೇರ ಶೆಲ್ಲಿಗೇ ಕೊಡಬೇಕಲ್ಲ? ಎರಡೂ ಡಬ್ಬಿಗೆ ಕೊಟ್ಟೇನಿ" ಅಂದರು. ಅವರು ಹೇಳಿದ್ದು ಸರಿಯೇ. ಹಳೆಯ ಬ್ಯಾಟರಿಯ ಕಾಲದಲ್ಲಿ ಬ್ಯಾಟರಿಗೆ ಜೀವ ಇದ್ದರೆ ರೇಡಿಯೋಕ್ಕೂ ಇತ್ತು, ಎರಡೂ ಒಂದೇ. ನಾನು ನಡುವೆ ಬೋರ್ಡು ಇಟ್ಟ ಮೇಲೆ ಅವು ಬೇರೆಯಾದವು. ಅಪ್ಪ ದೀಪ ಕೇಳಿದ, ಮೆಹಬೂಬಸಾಬರು ಕೇಳಿದ್ದನ್ನು ಕೊಟ್ಟರು, ನಡುವಿನ ಬೋರ್ಡಿನ ಸಂಗತಿ ಅಲ್ಲಿ ಮಾತಿಗೇ ಬರಲಿಲ್ಲ. ಹೀಗೆ ರೇಡಿಯೋ ಸತ್ತರೂ ಕೆಂಪಗೆ ಉರಿಯುವ ದೀಪವೊಂದು ನಮ್ಮ ತೋಟದಲ್ಲಿ ತಯಾರಾಗಿತ್ತು. ಎರಡನೆಯ ಪೆಟ್ಟಿಗೆ ಆಗ ಅಲ್ಲೇ ಇತ್ತು. ಪಂಪಿಗೆ ತ್ರಿಫೇಸ್ ಕರೆಂಟು ಈ ತಿಂಗಳು ಸಂಜೆಯ ಹೊತ್ತಿಗೆ ಕೊಡುತ್ತಿದ್ದಾರೆ. ಡ್ರಿಪ್ಪಿನ ವಾಲ್ವು ತಿರುಗಿಸಲು ಅಪ್ಪ ದಿನಾ ಹೊತ್ತು ಮುಳುಗುವಾಗ ಹೋಗುತ್ತಾನೆ. ನಾನು ಗಡಿಯಾರ ನೋಡಲಿಲ್ಲ, ಹೊರಗೆ ಬಿಸಿಲಿನ ಬಣ್ಣ ನೋಡಿದೆ.

ಅಪ್ಪನಿಗೆ ಫೋನು ಮಾಡಿದೆ. ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದೆ. ಕಳಕಮ್ಮತ್ತಿಗೆ ಮಾಡಿದರೆ, "ನಿಮ್ಮಪ್ಪ ಆಗಳೇ ಹ್ವಾದ. ಚಾ ಆಗೇತಿ ಅಂತ ಕರದ್ರ ಬೆನ್ನ ತಿರುಗಿಸಿ ನಡದೇಬಿಟ್ಟ, ದೊಡ್ಡ ದೇಸಾಯಿ" ಅಂದಳು. ಫೋನು ಮನೆಯಲ್ಲೇ ಬಿಟ್ಟಿದ್ದಾನೋ ಜೇಬಿನಲ್ಲಿದೆಯೋ ಅವಳಿಗೆ ಗೊತ್ತಿಲ್ಲ. ಪಕೀರಪ್ಪನ ಫೋನು ಸ್ವಿಚ್ ಆಫ್ ಆಗಿತ್ತು. ಕೊಪ್ಪಳದಿಂದ ಹಿಟ್ನಾಳದವರೆಗೆ ಹೈವೇಯಲ್ಲಿ ಗಾಡಿ ಹೇಗೆ ಹೊಡೆದೆ ಎಂದು ಕೇಳಬೇಡ. ನೀನು ಮಾಡಿಸಿದ ಆಣೆ ಅವತ್ತು ಮುರಿದೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದದ್ದು ಪೇಪರಿನ ಆ ಐದಾರು ಸಾಲು. ಅದರಲ್ಲಿ ಆ ಮನುಷ್ಯನ ಹೆಸರು, ವಯಸ್ಸು, ಊರು ಎಲ್ಲ ಇತ್ತು. ಅದೇ ಜಾಗದಲ್ಲಿ ಅಪ್ಪನ ಹೆಸರು, ವಿರೂಪಾಕ್ಷಪ್ಪ, ಹಿಟ್ನಾಳ ಎಂದು ಅಚ್ಚಾದರೆ ಹೇಗೆ ಕಾಣುತ್ತದೆ ಎಂಬುದು ನನಗೆ ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು.

ಬದುವಿಗೆ ಬಂದು ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದೆ. ಹೊತ್ತು ಮುಳುಗಿತ್ತು, ಬಾನಿನಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು, ಗಿಡಗಳ ಕೆಳಗೆ ಇರಲಿಲ್ಲ. ಕಿವಿಗೊಟ್ಟೆ. ವಾರ್ತೆಯಿಲ್ಲ, ಹಾಡಿಲ್ಲ, ಗರಗರವೂ ಇಲ್ಲ. ಗುಡಿಸಲಿನ ಕಂಬದಲ್ಲಿ ಆ ಕೆಂಪು ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಅಪ್ಪ ಬದು ದಾಟಿ ಎಷ್ಟೋ ಮುಂದೆ ಹೋಗಿಬಿಟ್ಟಿದ್ದ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ವಾಲ್ವಿನ ಪಾನಾ, ಸಂತೆಗೆ ಹೋಗುವವನ ಹಾಗೆ ನಡೆದಿದ್ದ. ಅವನ ಮುಂದಿನ ಸಾಲಿನಲ್ಲಿ, ಗಿಡದ ಬುಡದಲ್ಲಿ, ಏನೋ ಕಪ್ಪಗೆ ಅಲುಗಿತು. ಮೊದಲು ಪಕೀರಪ್ಪನ ಎಮ್ಮೆ ಅಂದುಕೊಂಡೆ. ಹಾಗೆಯೇ ಆಗಲಿ ಎಂದು ಬೇಡಿಕೊಂಡೆ. ಅದು ಟೊಂಗೆಯನ್ನು ಕೈಯಿಂದ ಹಿಡಿದು ಜಗ್ಗಿತು. ಎಮ್ಮೆಗೆ ಕೈ ಇರುವುದಿಲ್ಲ, ಅವ್ವಾ.

"ಅಪ್ಪಾ, ನಿಂದ್ರು! ಕರಡಿ ಐತಿ, ನಿಂದ್ರು!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅಪ್ಪ ನಿಲ್ಲಲಿಲ್ಲ. ಗಾಳಿ ಎದುರಿನಿಂದ ಬೀಸುತ್ತಿತ್ತು, ನನ್ನ ದನಿ ಮುಟ್ಟಲಿಲ್ಲ. ಆದರೆ ಕರಡಿಗೆ ಮುಟ್ಟಿತು. ಅದು ಎದ್ದು ಹಿಂಗಾಲ ಮೇಲೆ ನಿಂತಿತು. ಎದೆಯ ಮೇಲಿನ ಬಿಳಿ ಪಟ್ಟಿ ಆ ಮಬ್ಬಿನಲ್ಲೂ ಕಂಡಿತು. ಅದರ ಹಿಂದೆ ಮರಿ. ಅಪ್ಪ ಅದರ ಕಡೆಗೇ ಹೋಗುತ್ತಿದ್ದಾನೆ, ಕಣ್ಣು ಆ ಕೆಂಪು ದೀಪದ ಮೇಲೆ. ನಾನು ಕೂಗಿದ್ದರಿಂದಲೇ ಅದು ಎದ್ದಿತು ಎಂಬ ಅರಿವು ಬಂದಾಗ ಕೂಗುವುದನ್ನು ಬಿಟ್ಟೆ. ಗಾಡಿ ಚಾಲೂ ಮಾಡಿ, ಹೆಡ್‌ಲೈಟ್ ಪೂರ್ತಿ ಹಾಕಿ, ಹಾರ್ನ್ ಒತ್ತಿ ಹಿಡಿದು ಬದುವಿನ ಮೇಲಿಂದ ತೋಟದೊಳಗೆ ಇಳಿಸಿದೆ. ಬೆಳಕು ಅಪ್ಪನ ಬೆನ್ನಿಗೆ ಬಿದ್ದು, ಅವನ ನೆರಳು ಅವನ ಮುಂದೆಯೇ ಉದ್ದಕ್ಕೆ ಎದ್ದಿತು. ತನ್ನ ನೆರಳು ನೋಡಿ ನಿಂತ. ತಿರುಗಿದ. ಕರಡಿ ಒಂದು ಸಲ ಹೂಂಕರಿಸಿ, ನಾಲ್ಕು ಕಾಲಿಗೆ ಇಳಿದು, ಮರಿಯನ್ನು ಮುಂದೆ ಮಾಡಿಕೊಂಡು ಹಳ್ಳದ ಕಡೆ ಪೊದೆಯೊಳಗೆ ನುಗ್ಗಿತು. ಎಷ್ಟು ಹೊತ್ತು ಕಂಟಿ ಮುರಿಯುವ ಸದ್ದು ಕೇಳಿತೋ ನಾನು ಹೇಳಲಾರೆ. ಅಪ್ಪ ಅದನ್ನು ನೋಡಲೇ ಇಲ್ಲ. ನನ್ನ ಹತ್ತಿರ ಬಂದು, ಕೆಳಗೆ ನೋಡಿ, "ಲೇ ಬಸ್ಯಾ, ಡ್ರಿಪ್ ಪೈಪಿನ ಮ್ಯಾಲೆ ಗಾಡಿ ಹತ್ತಿಸೀಯಲ್ಲೋ! ಕಣ್ಣ ಕಾಣ್ಸೂದಿಲ್ಲೇನು?" ಎಂದು ಬೈದ. ನನಗೆ ಅಳು ಬಂತು. ಕರಡಿ ಕೂತ ಜಾಗದ ಅರ್ಧ ತಿಂದ ಹಣ್ಣುಗಳನ್ನು, ಹೊಸದಾಗಿ ಮುರಿದ ಟೊಂಗೆಯನ್ನು ತೋರಿಸಿದೆ. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ವಾಲ್ವು ತಿರುಗಿಸಲು ಹೋದ. ಕರೆಂಟು ಬಂದಿತ್ತು.

ಶುಕ್ರವಾರ, ಶನಿವಾರ ಅಂಗಡಿಗೆ ರಜೆ ಹಾಕಿ ಅವನ ಜೊತೆಗೇ ಹೋದೆ. ಸುಟ್ಟ ಪೆಟ್ಟಿಗೆಯ ಶೆಲ್ಲುಗಳನ್ನು ಬಿಸಾಡಿದೆ, ಹೊಸವು ಹಾಕಿದೆ. ಎರಡೂ ಪೆಟ್ಟಿಗೆಯ ದೀಪದ ತಂತಿ ಬಿಚ್ಚಿ ಬೋರ್ಡಿನ ಈಚೆ, ರೇಡಿಯೋದ ತಂತಿಗೇ ಕೊಟ್ಟೆ. ಈಗ ದನಿ ನಿಂತರೆ ದೀಪವೂ ಆರುತ್ತದೆ, ಶೆಲ್ಲೂ ಬರಿದಾಗುವುದಿಲ್ಲ. ಅದರ ಜೊತೆ ಒಂದು ಬಜರ್ ಕೂಡಿಸಿದ್ದೇನೆ. ಬೋರ್ಡು ಕಡಿಯುವುದಕ್ಕೆ ಸಾಕಷ್ಟು ಮೊದಲೇ ಅದು ಕೀ ಕೀ ಎಂದು ಕೂಗತೊಡಗುತ್ತದೆ, ಹಳೆಯ ಶೆಲ್ಲಿನ ದನಿ ಸಣ್ಣಗಾಗುತ್ತಿದ್ದ ಹಾಗೆ ಇದೂ ಒಂದು ಮುನ್ಸೂಚನೆ. ನಿನ್ನೆ ಪಡಸಾಲೆಯಲ್ಲಿ ಅದನ್ನು ಪರೀಕ್ಷೆ ಮಾಡಿದಾಗ ಕಳಕಮ್ಮತ್ತಿ ಹಿಟ್ಟಿನ ಕೈಯಲ್ಲೇ ಓಡಿಬಂದು, "ಏನೋ ಅದು, ಗ್ಯಾಸ್ ಸಿಡೀತೇನೋ!" ಎಂದು ಕಿರುಚಿದಳು. ಅಷ್ಟು ಜೋರಾಗಿದೆ. ಬ್ಯಾಟರಿಯ ಮಟ್ಟಿಗೆ ಇನ್ನು ಹೆದರಬೇಕಾದ್ದಿಲ್ಲ.

ಕಾಗದ ಉದ್ದವಾಯಿತು. ಭವಾನಿಗೆ ನನ್ನ ಪ್ರೀತಿ, ಅಳಿಯನಿಗೆ ನಮಸ್ಕಾರ ತಿಳಿಸು. ದೊಡ್ಡ ಮಗುವಿಗೆ ಒಂದು ಚೀಲ ಪೇರಲ ಕಳಿಸಿದ್ದೇನೆ, ನೀನು ಬೀಜ ತೆಗೆದು ಕೊಡು. ಕೂಸಿನ ಅಂಗಾಲಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು. ನಿನ್ನ ಮೊಣಕಾಲಿಗೆ ಹಚ್ಚುವ ಎಣ್ಣೆ ಪಕೀರಪ್ಪನ ಚೀಲದಲ್ಲೇ ಇದೆ. ನಿನ್ನ ಕೈಯ ರೊಟ್ಟಿಗಾಗಿ ಕಾಯುತ್ತಿರುವ,

ನಿನ್ನ ಮಗ
ಬಸವಕುಮಾರ

ತಾಜಾಕಲಂ: ಅವ್ವಾ, ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಗುರುವಾರ ಗಾಳಿ ಇರಲಿಲ್ಲ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ನಾನು ಕೂಗಿದ್ದು ಹಳ್ಳದಾಚೆಯ ಪಕೀರಪ್ಪನ ಮನೆಯವರಿಗೆ ಕೇಳಿದೆ, ಅವನ ಹೆಂಡತಿ ಹೊರಗೆ ಬಂದು ನೋಡಿದ್ದಾಳೆ. ಅಪ್ಪನಿಗೆ ಕೇಳಲಿಲ್ಲ. ಕರಡಿ ಹೋದ ಮೇಲೆ, ಸತ್ತ ರೇಡಿಯೋದ ಪಕ್ಕ ನಿಂತು ಅಪ್ಪ ನನಗೆ ಹೇಳಿದ್ದು: "ತಡಿ, ವಾರ್ತಾ ಮುಗೀಲಿ." ನಿನ್ನೆ ಬಜರ್ ಕೂಗಿದಾಗ ಅವನು ಅದರ ಮಗ್ಗುಲಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದ, ತಲೆ ಎತ್ತಲಿಲ್ಲ. ಎದುರಿಗೆ ಕೂತು ಮುಖ ನೋಡಿದರೆ ಮಾತು ತಿಳಿಯುತ್ತದೆ, ಬೆನ್ನ ಹಿಂದಿನದು ಏನೂ ತಿಳಿಯುವುದಿಲ್ಲ. ಫೋನಿನಲ್ಲಿ ನಿನ್ನ ಜೊತೆ ಮಾತು ಚುಟುಕು ಮಾಡಿ ನನಗೆ ಕೊಡುವುದು ಮುನಿಸಿನಿಂದಲ್ಲ. ಎಷ್ಟು ದಿನದಿಂದ ಹೀಗಿದೆಯೋ ಗೊತ್ತಿಲ್ಲ, ಯಾರಿಗೂ ತೋರಗೊಡದೆ ದೀಪ ಹಾಕಿಸಿಕೊಂಡಿದ್ದಾನೆ. ನಾನು ಬಾಯಿಬಿಟ್ಟು ಕೇಳಿದರೆ ಹಟಕ್ಕೆ ಬಿದ್ದು ಒಬ್ಬನೇ ಹೋಗುತ್ತಾನೆ. ನಾಳೆ ಸೋಮವಾರ, ನಾನು ಅಂಗಡಿಗೆ ಹೋಗಲೇಬೇಕು, ಸಂಜೆಗೆ ಬರಲಾಗುವುದಿಲ್ಲ. ಪಕೀರಪ್ಪ ಮಧ್ಯಾಹ್ನ ಅದೇ ಗಾಡಿಯಲ್ಲಿ ತಿರುಗಿ ಬರುತ್ತಾನೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹಿಡಿದಿದ್ದೇವೆ, ಇವತ್ತೇ ಬಸ್ಸು ಹತ್ತಿ ಬಾ ಎಂದು ಅಪ್ಪನಿಗೆ ನಾಲ್ಕು ಸಾಲು ಬರೆದು ಪಕೀರಪ್ಪನ ಕೈಯಲ್ಲಿ ಕೊಡು. ಬಾಯಿಮಾತಿನಲ್ಲಿ ಹೇಳಿ ಕಳಿಸಬೇಡ, ಫೋನೂ ಮಾಡಬೇಡ. ಹ್ಞೂ ಅನ್ನುತ್ತಾನೆ, ಕೇಳಿರುವುದಿಲ್ಲ. ಅಲ್ಲಿಗೆ ಬಂದ ಮೇಲೆ ಕಿವಿಯ ಡಾಕ್ಟರ ಹತ್ತಿರ ಕರೆದೊಯ್ಯುವುದು ನಿನ್ನಿಂದ ಮಾತ್ರ ಆಗುವ ಕೆಲಸ. ಹಣ್ಣು ಇಳಿಯುವವರೆಗೆ ತೋಟ ನಾನು, ಪಕೀರಪ್ಪ ನೋಡಿಕೊಳ್ಳುತ್ತೇವೆ. ಇನ್ನು ಬರೆಯಲು ಹೊತ್ತಿಲ್ಲ. ಅಪ್ಪ ಪಾನಾ ಹಿಡಿದು ಅಂಗಳ ದಾಟಿದ. ಎರಡು ಸಲ ಕರೆದೆ, ನಡೆದೇ ಇದ್ದಾನೆ. ಓಡಿಹೋಗಿ ಅವನ ಮುಂದೆ ಸೇರಿಕೊಳ್ಳಬೇಕು. ಹಿಂದೆ ನಡೆದು ಪ್ರಯೋಜನವಿಲ್ಲ.